ಒಂದೇ ವ್ಯಾಟ್, ಎರಡು ತಂತಿ

ಅಬ್ಬೆತುಮಕೂರಿನ ವಿಶ್ವಾರಾಧ್ಯರ ಜಾತ್ರೆ ಹತ್ತಿರ ಬಂತೆಂದರೆ ನನ್ನ ರಿಪೇರಿ ಅಂಗಡಿಯಲ್ಲಿ ಕರೆಂಟ್ ಒಲೆಗಳು ಸಾಲುಗಟ್ಟುತ್ತವೆ. ಚಹಾ ಮಾರುವವರು ಹೇಳುವುದು ಒಂದೇ ಮಾತು: “ಅಣ್ಣಾ, ಸಾವಿರ ವ್ಯಾಟಿನ ಕಾಯಿಲ್ ಹಾಕಿಕೊಡ್ರಿ, ಲಗೂನ ಕಾಯಬೇಕು ನೋಡ್ರಿ.” ತಂತಿ ಎಷ್ಟು ದಪ್ಪ ಇರಬೇಕೆಂದು ಯಾರೂ ಕೇಳುವುದಿಲ್ಲ. ಕಾಯಿಲಿನ ಆಯುಷ್ಯ ಬಹುಪಾಲು ತೀರ್ಮಾನವಾಗುವುದೇ ಅದರ ಮೇಲೆ.

ನನಗೆ ಕೆಲಸ ಕಲಿಸಿದ ಉಸ್ತಾದರು ಮೊದಲು ಕೈಗಿತ್ತದ್ದು ಸ್ಕ್ರೂಗೇಜು. ಗೇಜ್ ನಂಬರು ಏರಿದಂತೆ ತಂತಿ ಸಣ್ಣದಾಗುತ್ತದೆ: 24ರದ್ದು 0.56 ಮಿ.ಮೀ., 26ರದ್ದು 0.46 ಮಿ.ಮೀ. ಬೆರಳಿಗೆ ಈ ಫರಕು ಸಿಗುವುದಿಲ್ಲ, ಅಳೆದೇ ನೋಡಬೇಕು.

230 ವೋಲ್ಟಿನಲ್ಲಿ 1,000 ವ್ಯಾಟ್ ಬೇಕೆಂದರೆ ತಂತಿಯ ರೋಧ ಸುಮಾರು 53 ಓಮ್ ಇರಬೇಕು. 26ನೇ ನಂಬರಿನ ನಿಕ್ರೋಮ್ ಆದರೆ ಅದಕ್ಕೆ ಸುಮಾರು 8 ಮೀಟರ್ ಸಾಕು, 24 ಆದರೆ 12 ಮೀಟರ್. ಮಲ್ಟಿಮೀಟರಿಗೆ ಎರಡೂ ಒಂದೇ, ಕರೆಂಟ್ ಬಿಲ್ಲಿಗೂ ಒಂದೇ. ಆದರೆ 24ರ ತಂತಿ ದಪ್ಪವೂ ಹೌದು, ಉದ್ದವೂ ಹೌದು. ಹಾಗಾಗಿ ಗಾಳಿಗೆ ತೆರೆದ ಅದರ ಮೈ ಸುಮಾರು 1.8 ಪಟ್ಟು ದೊಡ್ಡದು. ಅಷ್ಟೇ ಶಾಖ ದೊಡ್ಡ ಮೈಯಿಂದ ಹೊರಹೋಗುವಾಗ ತಂತಿ ಕೆಂಪಗೆ ಇರುತ್ತದೆ. ಸಣ್ಣ ತಂತಿ ಹಳದಿಗೆ ತಿರುಗುವಷ್ಟು ಕಾದು, ಅದನ್ನು ಕಾಯುವ ಆಕ್ಸೈಡ್ ಪದರ ಬಿರಿದು, ಬೇಗ ಕಡಿಯುತ್ತದೆ. ಗಿರಾಕಿಗಳಿಗೆ ಮಾತ್ರ ಬೇಗ ಬೆಳಗುವ ಸಣ್ಣ ತಂತಿಯೇ ಜೋರು ಅನಿಸುತ್ತದೆ. ಚಹಾಕ್ಕೆ ಸೇರುವ ಶಾಖ ಎರಡರಲ್ಲೂ ಸಾವಿರ ವ್ಯಾಟಿನದೇ.

ನಮ್ಮ ಕಡೆ ವೋಲ್ಟೇಜಿನ ಏರಿಳಿತ ಬೇರೆ. 180ಕ್ಕೆ ಇಳಿದರೆ ಸಾವಿರ ವ್ಯಾಟಿನ ಒಲೆ ಸುಮಾರು 610ರಷ್ಟೇ ಕೆಲಸ ಮಾಡುತ್ತದೆ. ಆಗ “ಕಾಯಿಲ್ ಸರಿ ಇಲ್ಲ” ಎಂದು ನಾಲ್ಕು ಸುತ್ತು ಕತ್ತರಿಸಿ ಗಿಡ್ಡ ಮಾಡಿಸುವವರಿದ್ದಾರೆ. ರಾತ್ರಿ 250 ಬಂದಾಗ ಆ ಗಿಡ್ಡ ತಂತಿ ತಡೆಯುವುದಿಲ್ಲ. ಕಡಿದ ತುದಿಗಳನ್ನು ತಿರುಚಿ ಗಂಟು ಹಾಕುವುದೂ ಇಂಥದೇ ಅಪಾಯ: ಗಂಟು ಸಡಿಲವಾಗಿ ಅಲ್ಲೇ ಕಿಡಿ ಹಾರುತ್ತದೆ. ಕಡಿದ ಕಾಯಿಲನ್ನು ನಾನು ಪೂರ್ತಿ ಬದಲಿಸುತ್ತೇನೆ, ಸುತ್ತುಗಳನ್ನು ಸಮನಾಗಿ ಎಳೆದು ಕೂಡಿಸುತ್ತೇನೆ. ಒತ್ತೊತ್ತಾಗಿ ಕೂತ ಜಾಗವೇ ಮೊದಲು ಸುಡುತ್ತದೆ.

ಈಚೆಗೆ ಕೆಲವು ಹುಡುಗರು ಬಾಯಲ್ಲಿ ಹೊಗೆ ಎಳೆಯುವ ಇ-ಸಿಗರೇಟಿಗೆ ಗೇಣುದ್ದ ತಂತಿ ಕೇಳಿಕೊಂಡು ಬರುತ್ತಾರೆ. 2019ರ ಕಾಯ್ದೆ ದೇಶದಲ್ಲಿ ಅದರ ತಯಾರಿಕೆ, ಮಾರಾಟವನ್ನೆಲ್ಲ ನಿಷೇಧಿಸಿದೆ, ನಾನು ಕೊಡುವುದಿಲ್ಲ. ಕಾನೂನು ಬದಿಗಿಟ್ಟರೂ ಲೆಕ್ಕವೇ ಹೆದರಿಸುತ್ತದೆ. ಪೂರ್ತಿ ಚಾರ್ಜಾದ ಲಿಥಿಯಂ ಸೆಲ್ 4.2 ವೋಲ್ಟ್. ಕಾಯಿಲ್ 0.1 ಓಮ್ ಆಯಿತೆಂದರೆ 42 ಆಂಪಿಯರ್ ಹರಿಯಬಹುದು. ಅಷ್ಟು ತಡೆಯದ ಸೆಲ್ ಮುಖದ ಹತ್ತಿರವೇ ಸಿಡಿಯಬಹುದು. ಆ ಹುಡುಗರನ್ನು ಕೂಡಿಸಿಕೊಂಡು ಈ ಭಾಗಾಕಾರ ಮಾಡಿ ತೋರಿಸಿಯೇ ಕಳಿಸುತ್ತೇನೆ.

ತೆರೆದ ಕಾಯಿಲಿನ ಒಲೆ ಒಯ್ಯುವವರಿಗೂ ಒಂದು ಮಾತು ಬಿಡದೆ ಹೇಳುತ್ತೇನೆ. ಆ ತಂತಿಯ ಮೈಯಲ್ಲಿ ಕರೆಂಟು ಹರಿಯುತ್ತಿರುತ್ತದೆ. ಹಾಲು ಉಕ್ಕಿದರೆ ಮೊದಲು ಪ್ಲಗ್ ಕೀಳಬೇಕು, ಆಮೇಲೆ ಪಾತ್ರೆ ಮುಟ್ಟಬೇಕು. ಅರ್ತ್ ತಂತಿ ಇಲ್ಲದ ಕಡೆ ಆ ಒಲೆ ಹಚ್ಚಲೇಬಾರದು. 2,000 ವ್ಯಾಟಿನದಾದರೆ ಹೆಚ್ಚುಕಡಿಮೆ 9 ಆಂಪಿಯರ್ ಎಳೆಯುತ್ತದೆ. ಬಲ್ಬಿಗೆ ಎಳೆದ ಸಣ್ಣ ವೈರಿಗೆ ಅದನ್ನು ಸಿಕ್ಕಿಸಿದರೆ ಒಲೆಗಿಂತ ಮೊದಲು ವೈರೇ ಕಾಯುತ್ತದೆ. ಅದಕ್ಕೇ ಜಾತ್ರೆಗೆ ಒಲೆ ಒಯ್ಯುವವರ ವೈರನ್ನೂ 16 ಆಂಪಿನ ಪಿನ್ನನ್ನೂ ನೋಡದೆ ಕಾಯಿಲ್ ಹಾಕುವುದಿಲ್ಲ.