ಉಬ್ಬಸದ ಜೊತೆ ಇನ್ನೊಂದು ಕಾಯಿಲೆ: ಪುಟ್ಟ ಮಗುವಿನ ಆರೈಕೆ ಹೇಗೆ?

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳನ್ನು ಐದೈದು ವರ್ಷಕ್ಕೊಮ್ಮೆ ಲೆಕ್ಕ ಹಾಕಿದ್ದರು. 1979ರಲ್ಲಿ ಅವರಲ್ಲಿ ಶೇ 9ರಷ್ಟು ಮಕ್ಕಳಿಗೆ ಉಬ್ಬಸ (ಅಸ್ತಮಾ) ಇತ್ತು. 1999ರ ಹೊತ್ತಿಗೆ ಅದು ಶೇ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ ಇದು, ಇಡೀ ಊರಿನದಲ್ಲ. ಆದರೂ ಏರಿದ ಬಗೆ ಕಳವಳ ಹುಟ್ಟಿಸುತ್ತದೆ. ಆಮೇಲೆ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ವಾಹನ, ಕಟ್ಟಡದ ದೂಳು ಎರಡೂ ಹೆಚ್ಚಿದವು.

ಉಬ್ಬಸವೊಂದೇ ಇರುವ ಮಗುವನ್ನು ನೋಡಿಕೊಳ್ಳುವ ದಾರಿ ಈಗ ಹೆಚ್ಚುಕಡಿಮೆ ಸ್ಪಷ್ಟವಾಗಿದೆ. ಕಷ್ಟ ಇರುವುದು ಉಬ್ಬಸದ ಜೊತೆಗೆ ಹೃದಯದ ತೊಂದರೆ, ಫಿಟ್ಸ್, ಇಸುಬು, ಮೂಗಿನ ಹಿಂದಿನ ಅಡಿನಾಯ್ಡ್ ಊತ ಇಂಥದ್ದೇನಾದರೂ ಇರುವ ಮಗುವಿನ ಮನೆಯಲ್ಲಿ. ಹೃದಯಕ್ಕೆ ಒಂದು ಆಸ್ಪತ್ರೆ, ಫಿಟ್ಸ್‌ಗೆ ಇನ್ನೊಂದು, ರಾತ್ರಿ ಕೆಮ್ಮು ಜೋರಾದರೆ ಆರ್.ಟಿ. ನಗರದ ಮೂಲೆಯ ಕ್ಲಿನಿಕ್. ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ನೋಡುವವರು ಅಪ್ಪ ಅಮ್ಮ ಮಾತ್ರ.

ಮೊದಲು ಒಂದು ಹಾಳೆ ಬರೆಯಿರಿ

ಮಗುವಿನ ತೂಕ (ತೂಗಿದ ತಾರೀಕಿನೊಂದಿಗೆ), ಇರುವ ಎಲ್ಲ ಕಾಯಿಲೆಗಳು, ಕೊಡುತ್ತಿರುವ ಎಲ್ಲ ಔಷಧಗಳ ಹೆಸರು ಮತ್ತು ಪ್ರಮಾಣ, ಯಾವ ಔಷಧ ಅಥವಾ ಆಹಾರ ಆಗುವುದಿಲ್ಲ, ಹಿಂದೆ ಯಾವಾಗ ಆಸ್ಪತ್ರೆಗೆ ಸೇರಿಸಿದ್ದಿರಿ, ಆಯಾ ಡಾಕ್ಟರುಗಳ ಫೋನ್ ನಂಬರ್: ಇಷ್ಟೂ ಒಂದೇ ಹಾಳೆಯಲ್ಲಿರಲಿ. ಕಣ್ಣಿಗೆ ಹಾಕುವ ಹನಿ, ಆಯುರ್ವೇದದ ಲೇಹ್ಯ, ಅಂಗಡಿಯಲ್ಲಿ ಕೇಳಿ ತಂದ ಕೆಮ್ಮಿನ ಸಿರಪ್, ಇವನ್ನೂ ಬಿಡಬೇಡಿ. ಒಂದು ಪ್ರತಿ ಅಜ್ಜಿಯ ಕೈಲಿರಲಿ, ಒಂದು ನರ್ಸರಿಯ ಟೀಚರ್ ಬಳಿ.

ಔಷಧ ಔಷಧಕ್ಕೆ ಹೊಂದುತ್ತದೆಯೇ ಎಂದು ಕೇಳಿ

ಇದು ಎಲ್ಲಕ್ಕಿಂತ ಮುಖ್ಯ. ಪ್ರೊಪ್ರನಲಾಲ್ ಎಂಬ ಔಷಧವನ್ನು ಹುಟ್ಟಿನಿಂದ ಬಂದ ಕೆಲವು ಹೃದಯದ ತೊಂದರೆಗಳಿಗೂ, ಎಳೆ ಮಕ್ಕಳ ಚರ್ಮದ ಮೇಲಿನ ಕೆಂಪು ರಕ್ತನಾಳದ ಗಂಟಿಗೂ ಕೊಡುತ್ತಾರೆ. ಅದು ಉಸಿರುನಾಳವನ್ನು ಬಿಗಿಸಬಲ್ಲದು. ಟಿಮೊಲಾಲ್ ಎಂಬ ಕಣ್ಣಿನ ಹನಿಯೂ ಅದೇ ಗುಂಪಿನದು. ನಿಮ್ಮ ಮಗುವಿಗೆ ಇವು ನಡೆಯುತ್ತಿದ್ದರೆ ತಟ್ಟನೆ ನೀವೇ ನಿಲ್ಲಿಸಬೇಡಿ, ಅದರಿಂದ ಹೃದಯಕ್ಕೆ ಅಪಾಯವಾಗಬಹುದು. ಅದನ್ನು ಬರೆದ ಡಾಕ್ಟರಿಗೂ ಉಬ್ಬಸದ ಡಾಕ್ಟರಿಗೂ ಅಂದೇ ತಿಳಿಸಿ.

ಫಿಟ್ಸ್ ಇರುವ ಮಗುವಿಗೆ ಥಿಯೋಫಿಲಿನ್ ಇರುವ ಸಿರಪ್ ಬರೆದರೆ ಅಲ್ಲೇ ಕೇಳಿ. ಅದರ ಪ್ರಮಾಣ ಹೆಚ್ಚಾದರೆ ಫಿಟ್ಸ್ ಬರಬಹುದು. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪೀನ್ ತೆಗೆದುಕೊಳ್ಳುವ ಮಕ್ಕಳಲ್ಲಿ ಉಬ್ಬಸಕ್ಕೆ ಕುಡಿಸುವ ಸ್ಟೀರಾಯ್ಡಿನ ಪರಿಣಾಮ ತಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಅದೇ ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ. ಆ ದಿನಗಳಲ್ಲಿ ಪರೀಕ್ಷೆ ಹೆಚ್ಚು ಬಾರಿ ಆಗಬೇಕು. ಮಾಂಟೆಲುಕಾಸ್ಟ್ ಎಂಬ ಉಬ್ಬಸದ ಔಷಧ ಶುರು ಮಾಡಿದ ಮೇಲೆ ಮಗು ರಾತ್ರಿ ಬೆಚ್ಚಿ ಏಳುವುದು, ವಿಪರೀತ ಹಠ, ಸಿಡುಕು ಕಂಡರೆ ‘ಚೇಷ್ಟೆ’ ಎಂದು ಸುಮ್ಮನಾಗಬೇಡಿ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದೇ ಕಾರಣಕ್ಕೆ ಆ ಔಷಧದ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು.

ಉಬ್ಬಸದಂತೆ ಕಾಣುವುದೆಲ್ಲ ಉಬ್ಬಸವಲ್ಲ. ಹಾಲು ಕುಡಿಯುವಾಗಲೇ ಕೆಮ್ಮು ಬರುತ್ತಿದ್ದರೆ ಹಾಲು ಉಸಿರುನಾಳಕ್ಕೆ ಹೋಗುತ್ತಿರಬಹುದು. ನರಸಂಬಂಧಿ ತೊಂದರೆ ಇರುವ ಮಕ್ಕಳಲ್ಲಿ ಇದು ಸಾಮಾನ್ಯ. ಚೆನ್ನಾಗಿ ಆಡುತ್ತಿದ್ದ ಮಗು ಕಡಲೆಕಾಯಿ ತಿನ್ನುತ್ತಾ ಇದ್ದಕ್ಕಿದ್ದಂತೆ ಕೆಮ್ಮಿ ಸುಯ್ಯೆನ್ನತೊಡಗಿದರೆ ಇನ್ಹೇಲರ್‌ನ ಪಫ್ ಹಾಕುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಅದು ಬೀಜ ಸಿಕ್ಕಿಕೊಂಡಿರುವ ಲಕ್ಷಣ.

ಪಫ್ ಹಾಕುವ ಕ್ರಮ

ಮನೆಯಲ್ಲಿ ಎರಡು ಬಗೆಯ ಇನ್ಹೇಲರ್ ಇರುತ್ತದೆ. ಸಾಲ್ಬುಟಮಾಲ್ ಬಿಗಿದ ಉಸಿರನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಉಸಿರುನಾಳದ ಒಳಗಿನ ಊತ ಇಳಿಸುತ್ತದೆ. ಡಾಕ್ಟರ್ ಬರೆದಿದ್ದರೆ ಈ ಸ್ಟೀರಾಯ್ಡನ್ನು ಮಗು ಚೆನ್ನಾಗಿದ್ದ ದಿನವೂ ಹಾಕಲೇಬೇಕು. ಡಬ್ಬಿಯ ಬಣ್ಣ ನಂಬಬೇಡಿ, ಹೆಸರು ಓದಿ. ‘ಪಫ್ ಅಭ್ಯಾಸ ಆಗಿಬಿಡುತ್ತೆ’ ಎಂಬ ಮಾತನ್ನು ನೆಂಟರು ಹೇಳಿಯೇ ಹೇಳುತ್ತಾರೆ. ಇದು ಚಟ ಹತ್ತಿಸುವ ಔಷಧವಲ್ಲ. ಆ ಮಾತಿಗೆ ಹೆದರಿ ನಿಲ್ಲಿಸಿದರೆ ಮಗು ಮತ್ತೆ ಮತ್ತೆ ಆಸ್ಪತ್ರೆ ಸೇರಬೇಕಾಗಬಹುದು. ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧ ಹಾಕಿಸುವವರು ನಮ್ಮಲ್ಲೂ ಇದ್ದಾರೆ. ಪುಟ್ಟ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದು ಖಂಡಿತ ಬೇಡ.

ಚಿಕ್ಕ ಮಕ್ಕಳಿಗೆ ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ) ಇಲ್ಲದೆ ಪಫ್ ಹಾಕಿದರೆ ಔಷಧ ಬಾಯಲ್ಲೇ ಉಳಿಯುತ್ತದೆ. ನಾಲ್ಕು ವರ್ಷದೊಳಗೆ ಮಾಸ್ಕ್ ಇರುವ ಸ್ಪೇಸರ್ ಬೇಕು. ನಾಲ್ಕು ದಾಟಿ ತುಟಿ ಬಿಗಿಹಿಡಿಯಲು ಕಲಿತ ಮೇಲೆ ಮಾಸ್ಕ್ ತೆಗೆಯಬಹುದು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ. ಇನ್ಹೇಲರ್ ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸಿಕ್ಕಿಸಿ. ಮಾಸ್ಕ್ ಮೂಗು ಬಾಯಿ ಎರಡನ್ನೂ ಸಂದಿಲ್ಲದಂತೆ ಮುಚ್ಚಲಿ. ಒಮ್ಮೆ ಒತ್ತಿ, ಐದಾರು ಉಸಿರಾಗುವವರೆಗೆ ಹಿಡಿದಿರಿ. ಎರಡನೇ ಪಫ್ ಬೇಕಿದ್ದರೆ ಮತ್ತೆ ಕುಲುಕಿ, ಮತ್ತೆ ಮೊದಲಿನಿಂದ. ಎರಡನ್ನೂ ಒಟ್ಟಿಗೆ ಒತ್ತಬಾರದು. ಅಳುವ ಮಗುವಿಗೆ ಔಷಧ ಸರಿಯಾಗಿ ಒಳಹೋಗುವುದಿಲ್ಲ. ಆದ್ದರಿಂದ ಮೊದಲೇ ಗೊಂಬೆಗೆ ಮಾಸ್ಕ್ ಹಾಕಿ ಆಡಿಸಿ, ಹೆದರಿಕೆ ಬಿಡಿಸಿ. ಸ್ಟೀರಾಯ್ಡ್ ಪಫ್ ಆದ ಮೇಲೆ ಮಗುವಿನ ಬಾಯಿ ತೊಳೆಸಿ, ಮಾಸ್ಕ್ ತಾಗಿದ ಮುಖ ಒರೆಸಿ. ಇಸುಬು ಇರುವ ಮಗುವಿಗೆ ಇದನ್ನು ತಪ್ಪಿಸಲೇಬೇಡಿ. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಔಷಧ ಗೋಡೆಗೇ ಅಂಟುತ್ತದೆ.

200 ಪಫ್‌ನ ಡಬ್ಬಿಯಿಂದ ದಿನಕ್ಕೆ ನಾಲ್ಕು ಹಾಕಿದರೆ 50 ದಿನಕ್ಕೆ ಔಷಧ ಮುಗಿಯುತ್ತದೆ. ಆಮೇಲೂ ಒತ್ತಿದರೆ ಗಾಳಿ ಬರುತ್ತದೆ. ಶುರು ಮಾಡಿದ ತಾರೀಕು ಡಬ್ಬಿಯ ಮೇಲೆ ಬರೆದಿಡಿ.

ಮನೆ, ರಸ್ತೆ

ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆ ಮಗು ಇರುವ ಮನೆಯಲ್ಲಿ ಬೇಡ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ಯಶವಂತಪುರದ ಎಪಿಎಂಸಿ ಯಾರ್ಡ್‌ನ ದೂಳಿನಲ್ಲಿ ದುಡಿಯುವವರು ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಲಿ. ಖಾಲಿ ಸೈಟುಗಳ ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳಿಸಿ, ನೆಗಡಿ ಸೀನು ಇರುವ ಮಗುವಿಗೆ ಅದರ ಪರಾಗ ಹಗೆ. ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು ಗೊರಗುಂಟೆಪಾಳ್ಯದಲ್ಲೋ ಹೆಬ್ಬಾಳದಲ್ಲೋ ಲಾರಿಯ ಹೊಗೆಕೊಳವೆಯ ಹಿಂದೆ ಕಾಯಬೇಡಿ. ಹೆಬ್ಬಾಳ, ಪೀಣ್ಯಗಳ ಮಾಪನ ಕೇಂದ್ರದ ಅಂಕಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಸಿಗುತ್ತವೆ. ಮಳೆಗಾಲಕ್ಕೆ ಮುನ್ನ ಫ್ಲೂ ಲಸಿಕೆ ಹಾಕಿಸಿ.

ಉಸಿರು ಕಟ್ಟಿದ ರಾತ್ರಿ

ಮಗುವನ್ನು ಮಲಗಿಸದೆ ಕೂರಿಸಿ. ಡಾಕ್ಟರ್ ಬರೆದುಕೊಟ್ಟಷ್ಟು ಸಾಲ್ಬುಟಮಾಲ್ ಪಫ್ ಸ್ಪೇಸರ್‌ನಲ್ಲಿ ಹಾಕಿ. ಸಾಮಾನ್ಯವಾಗಿ 20 ನಿಮಿಷಕ್ಕೊಮ್ಮೆ, ಮೊದಲ ಒಂದು ಗಂಟೆಯಲ್ಲಿ ಮೂರು ಬಾರಿ ಎಂದು ಬರೆದಿರುತ್ತಾರೆ. ಹೃದಯದ ತೊಂದರೆ ಇದ್ದರೆ ಈ ಲೆಕ್ಕವನ್ನು ಹೃದಯದ ಡಾಕ್ಟರಿಗೂ ಮೊದಲೇ ತೋರಿಸಿರಿ, ಈ ಔಷಧ ಎದೆಬಡಿತ ಹೆಚ್ಚಿಸುತ್ತದೆ.

ಪಕ್ಕೆ ಒಳಗೆ ಎಳೆದುಕೊಳ್ಳುವುದು, ಮೂಗಿನ ಹೊಳ್ಳೆ ಅರಳುವುದು, ಮಾತಾಡಲು ಅಥವಾ ಹಾಲು ಕುಡಿಯಲು ಆಗದಿರುವುದು, ತುಟಿ ನೀಲಿಯಾಗುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ ಗಂಟೆ ಕಾಯದೆ ಹೊರಡಿ, ದಾರಿಯಲ್ಲೂ ಪಫ್ ಹಾಕುತ್ತಿರಿ. ಸುಯ್ಯೆನ್ನುತ್ತಿದ್ದ ಎದೆ ಸದ್ದಿಲ್ಲದಂತಾಗಿ ಮಗು ಸುಸ್ತಾಗಿದ್ದರೆ ಅದು ವಾಸಿಯಲ್ಲ, ಇನ್ನೂ ಹೆಚ್ಚಿನ ಅಪಾಯ. ಬೆರಳಿನ ಆಕ್ಸಿಜನ್ ಮೀಟರ್ 92ಕ್ಕಿಂತ ಕಡಿಮೆ ತೋರಿಸಿದರೂ ಆಸ್ಪತ್ರೆಗೆ ಹೋಗಬೇಕು. ಹುಟ್ಟಿನಿಂದಲೇ ಮೈ ನೀಲಿಯಾಗುವ ಹೃದಯರೋಗ ಇರುವ ಮಗುವಿನಲ್ಲಿ ಆ ಅಂಕಿ ಯಾವಾಗಲೂ ಕಡಿಮೆಯೇ ಇರಬಹುದು. ನಿಮ್ಮ ಮಗುವಿನ ಅಂಕಿ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ.

ಯಾವ ಆಸ್ಪತ್ರೆ ಎಂಬುದು ಹಗಲಲ್ಲೇ ತೀರ್ಮಾನವಾಗಿರಲಿ. ಯಲಹಂಕ, ಜಕ್ಕೂರಿನವರು ವಾಹನ ಕಿಕ್ಕಿರಿಯುವ ಹೆಬ್ಬಾಳದ ಮೇಲ್ಸೇತುವೆ ದಾಟದೆಯೇ ತಲುಪಬಹುದಾದ, 24 ಗಂಟೆಯೂ ಮಕ್ಕಳ ಡಾಕ್ಟರ್ ಇರುವ ಜಾಗ ಗುರುತು ಮಾಡಿಕೊಳ್ಳಿ. ದೊಡ್ಡ ಹೆಸರಿಗಿಂತ ಹತ್ತು ನಿಮಿಷ ಮೊದಲು ಸಿಗುವ ಆಕ್ಸಿಜನ್ ಮುಖ್ಯ. ಸ್ವಂತ ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಒಂದೆರಡು ದಿನದಲ್ಲಿ ನಿಮ್ಮ ಮಕ್ಕಳ ಡಾಕ್ಟರನ್ನು ಕಾಣಿ. ಸ್ಟೀರಾಯ್ಡ್ ಸಿರಪ್ ಎಷ್ಟು ದಿನ, ದಿನದ ಪಫ್ ಹೆಚ್ಚಿಸಬೇಕೇ, ಹೃದಯದ ಅಥವಾ ಫಿಟ್ಸ್‌ನ ಔಷಧದಲ್ಲಿ ಬದಲಾವಣೆ ಬೇಕೇ, ಈ ಮೂರನ್ನೂ ಕೇಳದೆ ಹೊರಗೆ ಬರಬೇಡಿ. ಒಂದೆರಡು ತಿಂಗಳಾದ ಮೇಲೆ ಮತ್ತೊಮ್ಮೆ ಹೋಗಿ, ಸ್ಪೇಸರನ್ನೂ ಒಯ್ದು, ನೀವು ಪಫ್ ಹಾಕುವ ಬಗೆಯನ್ನು ಅವರ ಎದುರೇ ಮಾಡಿ ತೋರಿಸಿ.