ಆ ಮರದ ಕೆಳಗೆ ನನ್ನನ್ನು ಕೂರಿಸಬಾರದಿತ್ತು

ಮನೆಗೆ ಕಳಿಸುವ ದಿನ ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೇಳಿಕೊಟ್ಟರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ನಾಲ್ಕು ಗಂಟೆಗೊಮ್ಮೆ ಟ್ಯೂಬ್ ಹಾಕಿ ಮೂತ್ರ ತೆಗೆಯಬೇಕು, ಕಾಲಿಗೆ ಕುದಿನೀರು ಬಿದ್ದರೂ ಗೊತ್ತಾಗುವುದಿಲ್ಲ, ಹುಷಾರು. ಕಣ್ಣು ಮುಚ್ಚಿದರೆ ಮತ್ತೆ ಮತ್ತೆ ಮರದಿಂದ ಬೀಳುತ್ತೇನೆ ಸಾರ್ ಅಂದೆ. "ಹೋಗ್ತಾ ಹೋಗ್ತಾ ಸರಿಹೋಗತ್ತೆ" ಅಂದು ಚೀಟಿಗೆ ಸಹಿ ಹಾಕಿದರು. ಸರಿಹೋಗಲಿಲ್ಲ.

ಗೂಡಲೂರಿನ ಟೀ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಒಂಟಿ ಬಿದಿರಿನ ಏಣಿ ಹಾಕಿಕೊಂಡು ಕೊಯ್ಯುತ್ತಿದ್ದಾಗ ಬಿದ್ದು ಕಾಲುಗಳ ಬಲ ಕಳೆದುಕೊಂಡವನು ನಾನು. ಮನೆಯ ಸುತ್ತಲೂ ಅದೇ ಮರ. ಗಾಳಿಗೆ ಕೊಂಬೆ ಕರಕರ ಎಂದರೆ ಮೈ ಬೆವರುತ್ತಿತ್ತು. ಮೆಣಸಿನ ವಾಸನೆ ಬಂದರೆ ಊಟ ಬಿಟ್ಟೇಳುತ್ತಿದ್ದೆ.

ನಮ್ಮ ಭಾವನವರಿಗೆ ಇದೆಲ್ಲ ಧೈರ್ಯ ಸಾಲದೆ ಬಂದದ್ದು. ಹೆಂಡತಿ ಮನೋವೈದ್ಯರ ಮಾತೆತ್ತಿದರೆ, "ಹುಚ್ಚರ ಡಾಕ್ಟರ ಹತ್ರ ಹೋದ ಅಂದ್ರೆ ನಿಮ್ಮ ಮಗಳಿಗೆ ಗಂಡು ಸಿಗತ್ತಾ?" ಅನ್ನುತ್ತಿದ್ದರು. ಆಮೇಲೆ ಒಂದು ದಿನ ಯಾರನ್ನೂ ಕೇಳದೆ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೊರಟರು. ತೋಟದ ದಾರಿ ಹಿಡಿದಾಗಲೇ ನನಗೆ ಗೊತ್ತಾಯಿತು. "ಬೇಡ ಭಾವ" ಅಂದೆ. "ಒಂದ್ಸಲ ನೋಡಿಬಿಡು, ಭಯ ಬಿಟ್ಟುಹೋಗತ್ತೆ" ಅಂದರು. ಅದೇ ಮರದ ಬುಡದಲ್ಲಿ ನಿಲ್ಲಿಸಿ ಗಾಲಿಗೆ ಬ್ರೇಕ್ ಹಾಕಿದರು. ತಲೆ ಎತ್ತು ಎಂದು ಗದ್ದ ಹಿಡಿದರು. ಬಳ್ಳಿ ಮೇಲೆ ಮೇಲೆ ಹೋಗುತ್ತಿತ್ತು. ಅಷ್ಟೇ ಕಂಡದ್ದು. ಆಮೇಲೆ ನಾನು ಕುರ್ಚಿಯಲ್ಲಿರಲಿಲ್ಲ, ಏಣಿಯಲ್ಲಿದ್ದೆ. ಬಿದಿರು ಜಾರಿತು, ನೆಲ ಬಂತು. ನಾಲ್ವರು ಕೈಕಾಲು ಹಿಡಿದು ನನ್ನನ್ನು ಮಡಚಿ ಜೀಪಿನ ಹಿಂದಿನ ಸೀಟಿಗೆ ತುಂಬುತ್ತಿದ್ದರು, ನನ್ನ ಕಾಲು ಬೇರೆ ಯಾರದೋ ಕಾಲಿನ ಹಾಗೆ ಬಾಗಿಲಿನಾಚೆ ತೂಗಾಡುತ್ತಿತ್ತು. ಓಡಲಾಗದವನನ್ನು ಭಯದ ಮುಂದೆ ಬ್ರೇಕ್ ಹಾಕಿ ಕೂರಿಸಿದರೆ ಅವನು ಏನು ಮಾಡಬೇಕು? ಕೂಗಿದೆ. ಬಟ್ಟೆ ಒದ್ದೆಯಾಯಿತು. ಟೀ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಓಡಿಬಂದರು. ಅವತ್ತಿನಿಂದ ಮನೆಯ ಹೊಸ್ತಿಲನ್ನೂ ದಾಟಲಿಲ್ಲ.

ಹೆಂಡತಿಯೇ 14416ಕ್ಕೆ ಫೋನ್ ಮಾಡಿದಳು. 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು; ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ, ಭಾಷೆ ಆರಿಸಿಕೊಳ್ಳಬಹುದು. ಅಲ್ಲಿಂದ ಮನೋವೈದ್ಯರು, ಅವರಿಂದ ಆಪ್ತಸಮಾಲೋಚಕಿ. ಇದು ಹೇಡಿತನವಲ್ಲ, ಆಘಾತದ ಕಾಯಿಲೆ, ಚಿಕಿತ್ಸೆ ಇದೆ ಎಂದು ಮೊದಲು ಹೇಳಿದವರು ಅವರೇ. ಅವರೂ ಮರದ ಹತ್ತಿರವೇ ಕರೆದೊಯ್ದರು, ಆದರೆ ಎಷ್ಟು ಮೆಲ್ಲಗೆ! ಮೊದಲು ಉಸಿರು ಹಿಡಿತಕ್ಕೆ ತರುವುದು. ಆಮೇಲೆ ಬಿದ್ದದ್ದನ್ನು ಮೊದಲಿನಿಂದ ಕೊನೆಯವರೆಗೆ ಬಾಯಲ್ಲಿ ಹೇಳುವುದು, ಮತ್ತೆ ಹೇಳುವುದು. ಮರದ ಫೋಟೋ, ಆಮೇಲೆ ಕಿಟಕಿ, ಆಮೇಲೆ ಅಂಗಳ. ಸಾಕು ಅಂದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಬ್ರೇಕು ನನ್ನ ಕೈಯಲ್ಲಿತ್ತು. ಭಾವನವರು ಮಾಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು.

ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರನ್ನು ನೋಡಿ ಕಲಿ ಎಂದು ಬಂದವರೆಲ್ಲ ಹೇಳುತ್ತಿದ್ದರು. 1954ರ ರಸ್ತೆ ಅಪಘಾತದಲ್ಲಿ ಕಾಲುಗಳ ಬಲ ಹೋದರೂ ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. 1966ರಲ್ಲಿ ನಮ್ಮಂಥವರಿಗಾಗಿ ಪುನರ್ವಸತಿ ಕೇಂದ್ರ ತೆರೆದವರು. ದೊಡ್ಡ ಜೀವ. ಆದರೆ ನಡುವೆ ಅವರೂ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ಪುನರ್ವಸತಿ ಚಿಕಿತ್ಸೆ ಪಡೆದರು ಎಂಬುದನ್ನು ಯಾರೂ ಹೇಳುವುದಿಲ್ಲ. ಬರೀ ಧೈರ್ಯದಿಂದ ಎದ್ದವರಲ್ಲ ಅವರು.

ನನ್ನಂಥವರಿದ್ದರೆ ಇಷ್ಟು ಮಾಡಿ. ಕೆಟ್ಟ ಕನಸು, ಬೆಚ್ಚಿಬೀಳುವುದು ಒಂದು ತಿಂಗಳಾದರೂ ಬಿಡದಿದ್ದರೆ ಕಾಯಬೇಡಿ. ಸಾಯಬೇಕು ಅನ್ನಿಸಿದರೆ ಅವತ್ತೇ 14416ಕ್ಕೆ ಫೋನ್ ಮಾಡಿ. ಮನೋವೈದ್ಯರಿಗೆ ಮೂತ್ರದ ಮಾತ್ರೆ, ನರದ ನೋವಿನ ಮಾತ್ರೆ ಎಲ್ಲದರ ಚೀಟಿ ತೋರಿಸಿ. ಮನಸ್ಸಿಗೆ ಕೊಡುವ ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟುತ್ತದೆ, ಮಲಬದ್ಧತೆ ಹೆಚ್ಚುತ್ತದೆ. ಘಾಟಿ ಇಳಿದು ಹತ್ತಿ ಹೋಗಲಾಗದಿದ್ದರೆ ಫೋನಿನಲ್ಲೇ ಮಾತಾಡಬಹುದೇ ಎಂದು ಕೇಳಿ, ನಮಗೆ ಒಪ್ಪಿದರು.

ಮರ ತೋರಿಸಿ ನಾನೇ ಇವನನ್ನು ಸರಿಮಾಡಿದೆ ಎಂದು ಭಾವನವರು ಈಗಲೂ ನೆಂಟರ ಮನೆಗಳಲ್ಲಿ ಹೇಳುತ್ತಾರೆ. ಅದು ಸುಳ್ಳು. ಅವರ ಮಾತು ಕೇಳಿ ಇನ್ನೊಬ್ಬರನ್ನು ಹಾಗೆ ತಳ್ಳಿಕೊಂಡು ಹೋಗಬೇಡಿ.