ಗಾಲಿ, ಹಳಿ, ತುಕ್ಕು: ಹೊಸಬರಿಗೆ ಮೊದಲ ಪಾಠ

ಬಾದಾಮಿಗೂ ಬಾಗಲಕೋಟೆಗೂ ನಡುವೆ ಗುಳೇದಗುಡ್ಡ ರೋಡ್ ಎಂಬ ನಿಲ್ದಾಣವಿದೆ. ಅಲ್ಲಿ ಗಾಡಿಗೆ ಕಾಯುವಾಗ ಹಳಿಯನ್ನು ಸಾವಕಾಶವಾಗಿ ನೋಡಿ. ನೆತ್ತಿ ಬೆಳ್ಳಗೆ ಹೊಳೆಯುತ್ತದೆ, ಪಕ್ಕಗಳು ಕಂದಾಗಿವೆ. ನೆತ್ತಿಯನ್ನು ಗಾಲಿಗಳು ದಿನವೂ ಉಜ್ಜುವುದರಿಂದ ಅಲ್ಲಿ ತುಕ್ಕು ನಿಲ್ಲಲಾರದು; ಪಕ್ಕವನ್ನು ಯಾವುದೂ ಉಜ್ಜುವುದಿಲ್ಲ, ಅಲ್ಲಿ ತುಕ್ಕು ಕೂರುತ್ತದೆ. ರೈಲಿನ ಲೋಹಕ್ಕೆ ಸವೆತ ಮತ್ತು ತುಕ್ಕು ಎಂಬ ಇಬ್ಬರು ಶತ್ರುಗಳು ಎಂದು ಸದ್ಯಕ್ಕೆ ನೆನಪಿಡಿ. ಇಬ್ಬರಿಗೂ ಮದ್ದು ಬೇರೆ ಬೇರೆ.

ಮೊದಲು ಸವೆತ. ತುಂಬಿದ ಸರಕು ಗಾಡಿಯ ಒಂದೊಂದು ಗಾಲಿಯ ಮೇಲೂ ಹತ್ತು ಟನ್ನಿನಷ್ಟು ಭಾರವಿರಬಹುದು. ಆ ಭಾರವೆಲ್ಲ ಹಳಿಗೆ ತಗಲುವುದು ಸುಮಾರು ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ! ಹಾಗಾದರೆ ಉಕ್ಕನ್ನು ಆದಷ್ಟು ಗಡಸು ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉಕ್ಕೆಂದರೆ ಸ್ವಲ್ಪ ಇಂಗಾಲ ಸೇರಿದ ಕಬ್ಬಿಣ. ಹಳಿಯ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ. 0.6ರಿಂದ 0.8ರಷ್ಟು ಇಂಗಾಲವಿರುತ್ತದೆ. ಇಂಗಾಲ ಹೆಚ್ಚಿದಂತೆ ಗಡಸುತನ, ಅಂದರೆ ಸವೆಯದ ಗುಣ, ಹೆಚ್ಚುತ್ತದೆ. ಆದರೆ ತಾಳಿಕೆ, ಅಂದರೆ ಬಿರುಕು ಬಿಡದೆ ಪೆಟ್ಟು ತಡೆಯುವ ಗುಣ, ತಗ್ಗುತ್ತದೆ. ಸವೆದ ಹಳಿಯನ್ನು ಅಳೆದು ನೋಡಿ ಬದಲಿಸಬಹುದು. ಮುರಿಯುವ ಹಳಿ ಮುನ್ಸೂಚನೆ ಕೊಡದೆಯೂ ಮುರಿಯಬಹುದು. ಆದ್ದರಿಂದ ಬರೀ ಗಡಸುತನದ ಬೆನ್ನು ಹತ್ತುವುದು ಜಾಣತನವಲ್ಲ.

ಈ ಎರಡು ಗುಣಗಳನ್ನೂ ಒಂದೇ ವಸ್ತುವಿನಲ್ಲಿ ಕೂಡಿಸುವುದು ಹೇಗೆ? ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಯಲಹಂಕದಲ್ಲಿ 1984ರಲ್ಲಿ ಲೋಕಾರ್ಪಣೆಯಾದ ರೈಲು ಗಾಲಿ ಕಾರ್ಖಾನೆಯಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿಗೆ ಒತ್ತಡದಿಂದ ತುಂಬಿ ಗಾಲಿ ಎರಕ ಹೊಯ್ಯುತ್ತಾರೆ. ಆಮೇಲೆ ಕಾದ ಗಾಲಿಯ ಅಂಚಿಗೆ ಮಾತ್ರ ನೀರು ಚಿಮ್ಮಿಸುತ್ತಾರೆ. ಬೇಗ ತಣಿದ ಅಂಚು ಗಡಸಾಗುತ್ತದೆ, ನಿಧಾನವಾಗಿ ತಣಿದ ಒಳಭಾಗ ತಾಳಿಕೆ ಉಳಿಸಿಕೊಳ್ಳುತ್ತದೆ. ಅಷ್ಟೇ ಅಲ್ಲ, ಒಳಭಾಗ ತಡವಾಗಿ ಕುಗ್ಗುವಾಗ ಅಂಚನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಆ ಬಿಗಿತದಲ್ಲಿ ಬಿರುಕು ಬಾಯಿ ಬಿಡುವುದು ಕಷ್ಟ. ಇಳಕಲ್ ಸೀರೆಯಲ್ಲಿ ಹತ್ತಿಯ ಮೈಗೆ ರೇಷ್ಮೆಯ ಸೆರಗು ಕೂಡಿಸುತ್ತಾರಲ್ಲ, ಹಾಗೆ ಇಲ್ಲಿಯೂ ಎರಡು ಗುಣ ಒಂದಾಗಿವೆ. ಸೀರೆಯಲ್ಲಿ ನೂಲೇ ಬೇರೆ, ಗಾಲಿಯಲ್ಲಿ ಉಕ್ಕು ಒಂದೇ. ಬೇರೆಯಾದದ್ದು ತಣಿಸಿದ ರೀತಿ. ನನಗಂತೂ ಈ ವಿದ್ಯೆಯಲ್ಲಿ ಇದಕ್ಕಿಂತ ಸೊಗಸಾದ ಯುಕ್ತಿ ಕಂಡಿಲ್ಲ.

ಹಳಿಗಳು ಒಂದನ್ನೊಂದು ದಾಟುವಲ್ಲಿ ಗಾಲಿ ಬಡಿದೇ ಸಾಗುತ್ತದೆ. ಅಲ್ಲಿಗೆ ಹೊಂದುವ ಉಕ್ಕನ್ನು 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ. ಅದರಲ್ಲಿ ಸುಮಾರು ಶೇ. 12ರಷ್ಟು ಮ್ಯಾಂಗನೀಸ್ ಇದೆ. ಪೆಟ್ಟು ಬಿದ್ದಷ್ಟೂ ಅದರ ಮೇಲ್ಮೈ ಗಡಸಾಗುತ್ತ ಹೋಗುತ್ತದೆ.

ಇನ್ನು ತುಕ್ಕು. ಕಬ್ಬಿಣಕ್ಕೆ ನೀರು, ಗಾಳಿಯಲ್ಲಿರುವ ಆಮ್ಲಜನಕ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ಉಪ್ಪು ಬೆರೆತರೆ ಇನ್ನೂ ಬೇಗ. ಬಣ್ಣ ಬಳಿದರೆ ಒಂದು ಗೋಡೆ ಕಟ್ಟಿದಂತಾಯಿತು, ಆದರೆ ಗೀರು ಬಿದ್ದಲ್ಲಿಂದ ತುಕ್ಕು ಒಳಗೊಳಗೇ ಹರಡುತ್ತದೆ. ಸತುವಿನ ಲೇಪನದ ಗುಣ ಬೇರೆ. ಸತು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್‌ಗಳನ್ನು, ಅಂದರೆ ಪರಮಾಣುವಿನ ಋಣ ವಿದ್ಯುತ್ ಕಣಗಳನ್ನು, ಬಿಟ್ಟುಕೊಡುತ್ತದೆ. ಹೀಗಾಗಿ ಸಣ್ಣ ಗೀರು ಬಿದ್ದರೂ ಮೊದಲು ಕರಗುವುದು ಸತು, ಕಬ್ಬಿಣವಲ್ಲ. ತುಕ್ಕಿನ ಕಾಟ ಹೆಚ್ಚಿರುವ ಕಡೆ ಹಳಿಗಳಿಗೆ ಕರಗಿದ ಸತುವನ್ನು ಸಿಂಪಡಿಸುವ ಪದ್ಧತಿ ನಮ್ಮ ರೈಲ್ವೆಯಲ್ಲಿದೆ. ನಮ್ಮ ಒಣ ಸೀಮೆಗೆ ಅಷ್ಟು ಖರ್ಚು ಸಾಮಾನ್ಯವಾಗಿ ಬೇಕಾಗದು. ಉಪ್ಪುಗಾಳಿಯ ಕರಾವಳಿಯ ಮಾತೇ ಬೇರೆ.

ನಂಬಿಕೆ ಬಾರದಿದ್ದರೆ ಪರೀಕ್ಷೆ ಮಾಡಿ. ಒಂದು ಸಾದಾ ಕಬ್ಬಿಣದ ಮೊಳೆ, ಒಂದು ಜಿ.ಐ. ಮೊಳೆ, ಅಂದರೆ ಸತು ಲೇಪಿಸಿದ್ದು, ತನ್ನಿ. ಎರಡನ್ನೂ ಸಣ್ಣಗೆ ಗೀರಿ ಬೇರೆ ಬೇರೆ ಬಟ್ಟಲಿನ ಉಪ್ಪುನೀರಿನಲ್ಲಿಡಿ. ಯಾವುದು ಮೊದಲು ಕೆಂಪಾಗುತ್ತದೆಂದು ದಿನವೂ ಬರೆದಿಡಿ.